ಹಕ್ಕಿಗೂ ಕ್ರಿಕೆಟ್ಟಿಗೂ ಒಂದೇ ದುರ್ಬೀನು: ಕೊಳ್ಳುವ ಮುನ್ನ ನೋಡಬೇಕಾದದ್ದು

ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ನನ್ನ ಸ್ವಂತ ದುರ್ಬೀನನ್ನು ಮೊದಲ ಬಾರಿಗೆ ಕಣ್ಣಿಗೆ ಹಿಡಿದಾಗ ನನಗೆ ಕಂಡದ್ದು ಹಕ್ಕಿಯಲ್ಲ, ಗಡಗಡ ನಡುಗುವ ಒಂದು ಬಿಳಿ ಮುದ್ದೆ. ಅದು 20×50ರ ದುರ್ಬೀನು. ಅಂಗಡಿಯವರು "ಇದಕ್ಕಿಂತ ಪವರ್ ಇರೋದು ನಮ್ಮಲ್ಲಿ ಇಲ್ಲ ಸಾರ್" ಎಂದಿದ್ದರು. ಪವರ್ ಹೆಚ್ಚಿದಷ್ಟೂ ಒಳ್ಳೆಯದೆಂದು ನಂಬಿ ನಾನೂ ಹಣ ಕೊಟ್ಟು ಬಂದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಪಾಡು ನೋಡಲಾರದೆ ತಮ್ಮ ಹಳೆಯ 8×40 ಅನ್ನು ಕೈಗಿತ್ತರು. ಆ ಮುದ್ದೆ ಚಮಚಕೊಕ್ಕಿನ ಹಕ್ಕಿಯಾಯಿತು. ಅದರ ಕಪ್ಪು ಕೊಕ್ಕಿನ ಚಪ್ಪಟೆ ತುದಿಯಲ್ಲಿದ್ದ ಹಳದಿಯೂ ಕಂಡಿತು. ನನ್ನದಕ್ಕಿಂತ ಅರ್ಧಕ್ಕೂ ಕಡಿಮೆ ಪವರಿನ ಸಾಧನದಲ್ಲಿ ನನಗೆ ಹೆಚ್ಚು ವಿವರ ಕಂಡದ್ದು ಏಕೆ ಎಂಬುದನ್ನು ಅರ್ಥಮಾಡಿಕೊಂಡರೆ ದುರ್ಬೀನು ಕೊಳ್ಳುವ ಕೆಲಸ ಮುಕ್ಕಾಲು ಪಾಲು ಮುಗಿದಂತೆ.

ದುರ್ಬೀನಿನ ಮೇಲೆ ಅಚ್ಚಾಗಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ವರ್ಧನೆ, ಎರಡನೆಯದು ಮುಂದಿನ ಲೆನ್ಸಿನ ಅಡ್ಡಳತೆ ಎಷ್ಟು ಮಿಲಿಮೀಟರ್ ಎಂಬುದು. 8×42 ಎಂದರೆ 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ. ಆದರೆ ವರ್ಧನೆ ಹಕ್ಕಿಯನ್ನು ಮಾತ್ರ ದೊಡ್ಡದು ಮಾಡುವುದಿಲ್ಲ. ಕೈಯ ನಡುಕವನ್ನೂ, ಉಸಿರಾಟದ ಏರಿಳಿತವನ್ನೂ, ದೋಣಿಯ ತೊನೆದಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎಂಟು ಪಟ್ಟಿನವರೆಗೆ ಹೆಚ್ಚಿನವರ ಕೈ ತಡೆಯುತ್ತದೆ, ಹತ್ತು ಪಟ್ಟಿಗೆ ಅಭ್ಯಾಸ ಬೇಕು, ಹನ್ನೆರಡು ದಾಟಿದರೆ ಸ್ಟ್ಯಾಂಡಿಗೆ ಬಿಗಿಯದೆ ನೆಮ್ಮದಿಯಿಂದ ನೋಡಲಾಗುವುದಿಲ್ಲ. ಹಾಗಾಗಿ ಹಕ್ಕಿ ನೋಡುವವರಲ್ಲಿ ಬಹುಪಾಲು ಮಂದಿ 8×42 ಅಥವಾ 10×42ರಲ್ಲಿ ಬಂದು ನಿಲ್ಲುತ್ತಾರೆ. ಮೊದಲ ದುರ್ಬೀನು ಕೊಳ್ಳುವವರಿಗೆ ಇವೆರಡರಲ್ಲಿ 8×42 ಅನ್ನೇ ನಾನು ಹೇಳುತ್ತೇನೆ.

ಬೆಳಕಿನ ಲೆಕ್ಕ

ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಮುಖ್ಯವಾದದ್ದು. ಪೆಟ್ಟಿಗೆಯ ಮೇಲೆ ಅದನ್ನು ಎಕ್ಸಿಟ್ ಪ್ಯುಪಿಲ್ ಎಂದು ಬರೆದಿರುತ್ತಾರೆ. ದುರ್ಬೀನನ್ನು ಒಂದು ತೋಳಿನ ದೂರದಲ್ಲಿ ಹಿಡಿದು ಆಕಾಶದತ್ತ ತಿರುಗಿಸಿದರೆ ಕಣ್ಣಿಡುವ ಗಾಜಿನ ನಡುವೆ ಒಂದು ಸಣ್ಣ ಬೆಳಕಿನ ಬಿಲ್ಲೆ ಕಾಣುತ್ತದಲ್ಲ, ಅದರ ಅಗಲವೇ ಈ ಸಂಖ್ಯೆ. 8×42ರಲ್ಲಿ ಅದು 5.25 ಮಿ.ಮೀ., 10×42ರಲ್ಲಿ 4.2, ಜೇಬಿನಲ್ಲಿ ಹಿಡಿಸುವ 10×25ರಲ್ಲಿ 2.5. ನನ್ನ 20×50ರಲ್ಲೂ ಅಷ್ಟೇ, 2.5. ಒಂದು ಕಿಲೋ ಭಾರ ಹೊತ್ತು ನಾನು ಜೇಬಿನ ದುರ್ಬೀನಿನಷ್ಟೇ ಮಬ್ಬಾದ ಬಿಂಬವನ್ನು ನೋಡುತ್ತಿದ್ದೆ.

ನಡುಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು-ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ 2.5ರ ಬಿಲ್ಲೆಯೂ ಸಾಕಾಗುತ್ತದೆ, ಆಗ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ವ್ಯತ್ಯಾಸ ತಿಳಿಯುವುದು ಬೆಳಗಿನ ಆರು ಗಂಟೆಗೆ, ದಾಂಡೇಲಿಯ ಕಾಡಿನಲ್ಲಿ ಮರದ ನೆತ್ತಿಯ ಮಂಗಟ್ಟೆಯನ್ನು ನೋಡುವಾಗ, ಇಲ್ಲವೇ ಮಳೆ ಮೋಡ ಕವಿದ ಮಲೆನಾಡಿನ ಮಧ್ಯಾಹ್ನ. ಆಗ ಪಾಪೆ ಅರಳಿ ಹೆಚ್ಚು ಬೆಳಕು ಕೇಳುತ್ತದೆ, ಸಣ್ಣ ಬಿಲ್ಲೆಯ ದುರ್ಬೀನು ಕೊಡಲಾರದೆ ಹೋಗುತ್ತದೆ. ಹಕ್ಕಿಗಳು ಚುರುಕಾಗಿರುವುದು ಇಂಥ ಹೊತ್ತಿನಲ್ಲೇ. ಎಳೆಯರ ಪಾಪೆ ಕತ್ತಲಲ್ಲಿ ಸುಮಾರು ಏಳು ಮಿ.ಮೀ.ವರೆಗೆ ಅರಳಿದರೆ ವಯಸ್ಸಾದಂತೆ ಅದು ಐದರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಐವತ್ತು ದಾಟಿದವರು 7×50ರಂಥ ದೊಡ್ಡ ಲೆನ್ಸಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ, ಹೆಚ್ಚುವರಿ ಬೆಳಕು ಪಾಪೆಯ ಅಂಚಿಗೆ ಬಿದ್ದು ವ್ಯರ್ಥವಾಗುತ್ತದೆ.

ಕ್ರೀಡಾಂಗಣದ ಲೆಕ್ಕ ಬೇರೆ. ಹಗಲಿನ ಪಂದ್ಯದಲ್ಲಿ ಬಿಸಿಲಿರುತ್ತದೆ, ರಾತ್ರಿಯ ಪಂದ್ಯದಲ್ಲಿ ಹೊನಲು ಬೆಳಕಿನ ಕಂಬಗಳು ಮೈದಾನವನ್ನು ಬೆಳಗುತ್ತವೆ. ಹೀಗಾಗಿ ಬರಿಯ ಪಂದ್ಯಕ್ಕಾದರೆ ಅಂಗೈಯಗಲದ 8×25 ಕೂಡ ನಡೆಯುತ್ತದೆ. ಎರಡಕ್ಕೂ ಒಂದೇ ಬೇಕು, ಭಾರವೂ ಕಡಿಮೆಯಿರಬೇಕು ಎನ್ನುವವರಿಗೆ 8×32 ಒಳ್ಳೆಯ ರಾಜಿ: ನಾಲ್ಕು ಮಿಲಿಮೀಟರಿನ ಬಿಲ್ಲೆ, ಕುತ್ತಿಗೆಗೆ ಹಿತವಾದ ತೂಕ.

ನೋಟದ ಅಗಲ

ಅಂಗಡಿಯಲ್ಲಿ ಯಾರೂ ಕೇಳದ, ಆದರೆ ಹೊರಗೆ ಹೋದ ಮೊದಲ ದಿನವೇ ಕಾಡುವ ಗುಣವೆಂದರೆ ನೋಟದ ಅಗಲ. ಇದನ್ನು 1000 ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲದ ದೃಶ್ಯ ಕಾಣುತ್ತದೆ ಎಂದು ನಮೂದಿಸುತ್ತಾರೆ. ಕೆಲವರು ಡಿಗ್ರಿಯಲ್ಲಿ ಕೊಡುತ್ತಾರೆ, ಆಗ ಅದನ್ನು 17.5ರಿಂದ ಗುಣಿಸಿದರೆ ಮೀಟರ್ ಲೆಕ್ಕ ಸಿಗುತ್ತದೆ. ಒಳ್ಳೆಯ 8×42ರಲ್ಲಿ ಇದು 140 ಮೀಟರ್ ಆಸುಪಾಸು ಇದ್ದರೆ 10×42ರಲ್ಲಿ 110 ಮೀಟರ್ ಆಸುಪಾಸು ಇರುತ್ತದೆ. ಇಪ್ಪತ್ತು ಮೀಟರ್ ದೂರದ ಆಲದ ಮರದಲ್ಲಿ ಎಲೆಯಿಂದ ಎಲೆಗೆ ಹಾರುವ ಉಲಿಯಕ್ಕಿಯನ್ನು ಹುಡುಕುವಾಗ ಮೊದಲನೆಯದು 2.8 ಮೀಟರ್ ಅಗಲದ ಕಿಟಕಿ ತೆರೆದರೆ ಎರಡನೆಯದು 2.2 ಮೀಟರಿನ ಕಿಟಕಿಯನ್ನಷ್ಟೇ ತೆರೆಯುತ್ತದೆ. ಒಂದು ಕ್ಷಣವೂ ಕೂರದ ಹಕ್ಕಿಯ ಮಟ್ಟಿಗೆ ಈ ಅರವತ್ತು ಸೆಂಟಿಮೀಟರೇ ಸಿಕ್ಕಿತು-ತಪ್ಪಿತು ಎಂಬುದರ ನಡುವಿನ ಅಂತರ.

ಇದೇ ಲೆಕ್ಕವನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೋ ಇನ್ನಾವುದೇ ಕ್ರಿಕೆಟ್ ಮೈದಾನಕ್ಕೋ ಒಯ್ಯೋಣ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ, ಅಂದರೆ ಸುಮಾರು 20 ಮೀಟರ್. ನೀವು ಪಿಚ್ಚಿಗೆ ಅಡ್ಡಲಾಗಿ, ನೂರು ಮೀಟರ್ ದೂರದ ಸ್ಟ್ಯಾಂಡಿನಲ್ಲಿ ಕುಳಿತಿದ್ದರೆ 140 ಮೀಟರ್ ಅಗಲದ ದುರ್ಬೀನಿನಲ್ಲಿ ಕಾಣುವುದು 14 ಮೀಟರ್ ಮಾತ್ರ. ಬೌಲರ್ ಕಂಡರೆ ಬ್ಯಾಟರ್ ಕಾಣುವುದಿಲ್ಲ, ಬ್ಯಾಟರ್ ಕಂಡರೆ ಬೌಲರ್ ಕಾಣುವುದಿಲ್ಲ. 10 ಪಟ್ಟಿನದ್ದಾದರೆ 11 ಮೀಟರಿಗೆ ಇಳಿಯುತ್ತದೆ. ಬೌಲರನ ಹಿಂಬದಿಯಲ್ಲೋ ಅದರ ಎದುರು ತುದಿಯಲ್ಲೋ ಟಿಕೆಟ್ ಸಿಕ್ಕಿದರೆ ಎರಡೂ ವಿಕೆಟ್ಟುಗಳು ಒಂದೇ ಸಾಲಿಗೆ ಬಂದು ಈ ತೊಂದರೆ ಇಲ್ಲವಾಗುತ್ತದೆ. ನನ್ನ ಅನುಭವದಲ್ಲಿ ಚೆಂಡನ್ನು ದುರ್ಬೀನಿನಲ್ಲಿ ಹಿಂಬಾಲಿಸಲು ಹೊರಟವರು ಪಂದ್ಯವನ್ನೇ ಕಳೆದುಕೊಳ್ಳುತ್ತಾರೆ. ಅದು ಉಪಯೋಗಕ್ಕೆ ಬರುವುದು ಎಸೆತಗಳ ನಡುವೆ: ನಾಯಕ ಫೀಲ್ಡರನ್ನು ಎರಡು ಹೆಜ್ಜೆ ಒಳಗೆ ಕರೆದದ್ದು, ಸ್ಪಿನ್ನರ್ ಚೆಂಡನ್ನು ಬೆರಳುಗಳ ನಡುವೆ ಹಿಡಿದದ್ದು, ವಿಕೆಟ್‌ಕೀಪರ್ ಸ್ಟಂಪಿನ ಹತ್ತಿರಕ್ಕೆ ಬಂದದ್ದು. ಬೌಲರ್ ಓಡಲು ಶುರುಮಾಡಿದೊಡನೆ ದುರ್ಬೀನನ್ನು ಎದೆಗಿಳಿಸಿ ಬರಿಗಣ್ಣಿನಲ್ಲಿ ನೋಡುವುದೇ ಸರಿ.

ಕಂಬಳದಲ್ಲಿಯೂ ಅಗಲವೇ ಮುಖ್ಯ. ಓಟ ಶುರುವಾಗುವ ಗಂತಿನಿಂದ ಓಟ ಮುಗಿಯುವ ಮಂಜೊಟ್ಟಿಗೆ ಕೋಣಗಳು ಓಡಿ ಬರುವುದು ಕೆಲವೇ ಸೆಕೆಂಡುಗಳಲ್ಲಿ. ಕೋಣಗಳು ಓಡುವ ಕೆಸರಿನ ಕರೆಯ ಪಕ್ಕದಲ್ಲೇ ನಿಂತವರಿಗೆ ದುರ್ಬೀನು ಬೇಕಿಲ್ಲ. ಮಂಜೊಟ್ಟಿಯ ಕಡೆ ನಿಂತು ಗಂತಿನಲ್ಲಿ ಜೋಡಿಗಳನ್ನು ಬಿಡುವುದನ್ನು ನೋಡುವವರಿಗೆ, ಕನೆಹಲಗೆ ಎಂಬ ವಿಭಾಗದಲ್ಲಿ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಿತೇ ಎಂದು ತಿಳಿಯಬಯಸುವವರಿಗೆ 7 ಅಥವಾ 8 ಪಟ್ಟು ಧಾರಾಳ. ಕೆಸರು ನೀರು ಎರಚುವ ಜಾಗವಾದ್ದರಿಂದ ಜಲನಿರೋಧಕವಾಗಿದ್ದರೆ ಇನ್ನೂ ಒಳ್ಳೆಯದು. ಕುದುರೆ ಪಂದ್ಯವೊಂದೇ ಇದಕ್ಕೆ ಅಪವಾದ: ಟ್ರ್ಯಾಕಿನ ಆಚೆ ಬದಿಯಲ್ಲಿ ಓಡುವಾಗ ಜಾಕಿಯ ಅಂಗಿಯ ಬಣ್ಣವನ್ನು ಗುರುತಿಸಲು 10 ಪಟ್ಟು ನಿಜಕ್ಕೂ ನೆರವಾಗುತ್ತದೆ.

ಒಳಗಿನ ಗಾಜು

ದುರ್ಬೀನಿನ ಮೈಯನ್ನು ನೋಡಿದೊಡನೆ ಅದರ ಒಳಗಿನ ಪ್ರಿಸಮ್ (ಬೆಳಕನ್ನು ತಿರುಗಿಸಿ ಬಿಂಬವನ್ನು ನೆಟ್ಟಗೆ ಮಾಡುವ ಗಾಜಿನ ತುಂಡು) ಯಾವ ಜಾತಿಯದೆಂದು ತಿಳಿಯುತ್ತದೆ. ಮುಂದಿನ ಲೆನ್ಸುಗಳು ಐಪೀಸುಗಳಿಗಿಂತ (ಕಣ್ಣಿಡುವ ಗಾಜುಗಳಿಗಿಂತ) ದೂರ ಸರಿದು, ಮೈ ಅಂಕುಡೊಂಕಾಗಿದ್ದರೆ ಅದು ಪೊರೋ. ಇಟಲಿಯ ಇಗ್ನಾಜಿಯೊ ಪೊರೋ 1854ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಎರಡು ನೇರ ಕೊಳವೆಗಳನ್ನು ಜೋಡಿಸಿದಂತಿದ್ದರೆ ರೂಫ್ ಪ್ರಿಸಮ್. ರೂಫ್ ವಿನ್ಯಾಸ ತೆಳ್ಳಗೆ, ಗಟ್ಟಿ, ನೀರು ಒಳಹೋಗದಂತೆ ಮುಚ್ಚಲು ಸುಲಭ. ಆದರೆ ಅದರ ಪ್ರಿಸಮ್ಮಿಗೆ ಫೇಸ್ (phase) ಕೋಟಿಂಗ್ ಎಂಬ ಲೇಪ ಇಲ್ಲದಿದ್ದರೆ ಬಿಂಬದ ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಪೊರೋಗೆ ಈ ಲೇಪ ಬೇಕಾಗಿಯೇ ಇಲ್ಲ. ಹೀಗಾಗಿ ಹಣ ಕಡಿಮೆಯಿದ್ದಾಗ ಅಗ್ಗದ ರೂಫಿಗಿಂತ ಅದೇ ಬೆಲೆಯ ಪೊರೋ ಚೆನ್ನಾಗಿ ತೋರಿಸುತ್ತದೆ. ನಿಕಾನ್ ಅಕ್ಯುಲಾನ್ 8×42, ಒಲಿಂಪಸ್ ಡಿಪಿಎಸ್ 8×40ರಂಥ ಪೊರೋಗಳಿಂದ ಶುರುಮಾಡಿದವರು ಯಾರೂ ಪಶ್ಚಾತ್ತಾಪಪಟ್ಟದ್ದನ್ನು ನಾನು ನೋಡಿಲ್ಲ. ಮಳೆಗೆ ಮಾತ್ರ ಅವನ್ನು ಒಡ್ಡಬಾರದು. ಮಳೆಗಾಲದಲ್ಲೂ ಆಗುಂಬೆಯ ಕಡೆ ತಿರುಗುವವರು ಫೇಸ್ ಕೋಟಿಂಗ್ ಇರುವ, ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ ರೂಫ್ ದುರ್ಬೀನಿಗೆ ಒಂದಷ್ಟು ಹೆಚ್ಚು ಕೊಡುವುದು ಲೇಸು. ನೈಟ್ರೋಜನ್ ಒಳಗಿನ ಗಾಜಿಗೆ ಹಬೆ ಕೂರದಂತೆ ತಡೆಯುತ್ತದೆಯೇ ಹೊರತು ಹೊರಗಿನ ಗಾಜಿಗಲ್ಲ. ಎಸಿ ಕಾರಿನಿಂದ ಇಳಿದೊಡನೆ ಲೆನ್ಸ್ ಮಬ್ಬಾದರೆ ಅದು ದೋಷವಲ್ಲ, ಐದು ನಿಮಿಷ ಕಾಯಬೇಕು ಅಷ್ಟೇ.

ವಿವರಪಟ್ಟಿಯಲ್ಲಿ ನೋಡಬೇಕಾದ ಇನ್ನೆರಡು ಮಾತುಗಳಿವೆ. ಪ್ರಿಸಮ್ ಬಿಎಕೆ-4 (BAK-4) ಎಂಬ ಜಾತಿಯ ಗಾಜಿನದಾಗಿರಬೇಕು, ಮತ್ತು ಲೇಪ "ಫುಲ್ಲಿ ಮಲ್ಟಿಕೋಟೆಡ್" ಆಗಿರಬೇಕು. ಬರಿಯ "ಕೋಟೆಡ್" ಎಂದಿದ್ದರೆ ಗಾಜಿನ ಕೆಲವು ಮೈಗಳಿಗೆ ಒಂದೇ ಪದರ ಬಳಿದಿದ್ದಾರೆ ಎಂದರ್ಥ. ಇಡಿ (ED) ಎಂಬ ವಿಶೇಷ ಗಾಜು ಇದ್ದರೆ ಬೆಳ್ಳನೆಯ ಆಕಾಶದ ಎದುರು ಕುಳಿತ ಕಪ್ಪು ಹಕ್ಕಿಯ ಅಂಚಿನಲ್ಲಿ ಕಾಣುವ ನೇರಳೆ ಗೆರೆ ಕಡಿಮೆಯಾಗುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಿದ್ದೆಗೆಡಬೇಕಿಲ್ಲ. ಸ್ವರೋವ್ಸ್ಕಿ, ಲೈಕಾ, ಝೈಸ್ ಕಂಪನಿಗಳ ಉನ್ನತ ಮಾದರಿಗಳು ಲಕ್ಷಗಳ ಮಾತು. ಅವುಗಳ ಬಿಂಬ ಅದ್ಭುತವಾದದ್ದೇ, ಆದರೆ ಅಗ್ಗದ ದುರ್ಬೀನಿನಿಂದ ಮಧ್ಯಮ ಬೆಲೆಯದಕ್ಕೆ ಏರಿದಾಗ ಕಾಣುವ ಸುಧಾರಣೆ, ಮಧ್ಯಮದಿಂದ ಅತ್ಯುತ್ತಮಕ್ಕೆ ಏರಿದಾಗ ಕಾಣುವುದಕ್ಕಿಂತ ಬಹಳ ದೊಡ್ಡದು.

ಕನ್ನಡಕ ಹಾಕುವವರು ಐ ರಿಲೀಫ್ ಎಂಬ ಅಳತೆಯನ್ನು ತಪ್ಪದೆ ನೋಡಬೇಕು. ಐಪೀಸಿನಿಂದ ಎಷ್ಟು ದೂರದವರೆಗೆ ಕಣ್ಣಿಟ್ಟರೂ ಪೂರ್ತಿ ದೃಶ್ಯ ಕಾಣುತ್ತದೆ ಎಂಬುದೇ ಅದು. ಕನಿಷ್ಠ 15 ಮಿ.ಮೀ. ಇರಲಿ, 17 ಇದ್ದರೆ ಇನ್ನೂ ನಿರಾಳ. ಇದಕ್ಕಿಂತ ಕಡಿಮೆಯಾದರೆ ಬೀಗದ ಕಿಂಡಿಯಲ್ಲಿ ಇಣುಕಿದಂತೆ ದೃಶ್ಯದ ನಡುಭಾಗ ಮಾತ್ರ ಕಾಣುತ್ತದೆ. ಕನ್ನಡಕ ಹಾಕಿದವರು ಐಪೀಸಿನ ಸುತ್ತಲಿನ ಐಕಪ್ಪನ್ನು ಪೂರ್ತಿ ಒಳಕ್ಕೆ ತಿರುಗಿಸಬೇಕು, ಹಾಕದವರು ಹೊರಕ್ಕೆ.

ಕೊಳ್ಳಬಾರದವು ಯಾವುವೆಂದು ಹೇಳುವುದು ಸುಲಭ. "10-90×" ಎಂಬಂಥ ಝೂಮ್ ದುರ್ಬೀನುಗಳು, ಲೆನ್ಸಿಗೆ ಕೆಂಪು ಮಾಣಿಕ್ಯದ ಬಣ್ಣ ಬಳಿದವು, ಫೋಕಸ್ ಚಕ್ರವೇ ಇಲ್ಲದವು, ಎರಡು ಸಾವಿರ ರೂಪಾಯಿಗೆ "ನೈಟ್ ವಿಷನ್" ಎಂದು ಮಾರುವವು: ಇವುಗಳನ್ನು ಮುಟ್ಟದಿರುವುದೇ ಮೇಲು. ಕೈ ನಡುಗುವ ಹಿರಿಯರಿಗೆ, ಮೇಲಿಂದ ಮೇಲೆ ದೋಣಿಯಿಂದ ನೋಡುವವರಿಗೆ ಕ್ಯಾನನ್ ಕಂಪನಿಯ 10×30ರಂಥ ಬಿಂಬಸ್ಥಿರತೆಯ ದುರ್ಬೀನು ನಿಜಕ್ಕೂ ವರ. ಬೆಲೆ ಹೆಚ್ಚು, ಬ್ಯಾಟರಿ ಬೇಕು ಎಂಬುದನ್ನು ಸಹಿಸಿಕೊಳ್ಳಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಯ ಆಚೆ ದಡದಲ್ಲಿ ಕುಳಿತ ಹೆಬ್ಬಾತುಗಳನ್ನು ಎಣಿಸಬೇಕೆನ್ನುವವರಿಗೆ ಯಾವ ದುರ್ಬೀನೂ ಸಾಲದು, ಅವರಿಗೆ ಬೇಕಾದದ್ದು ಸ್ಟ್ಯಾಂಡಿನ ಮೇಲಿಡುವ, ಸ್ಪಾಟಿಂಗ್ ಸ್ಕೋಪ್ ಎಂಬ ಒಂಟಿ ಕೊಳವೆಯ ದೂರದರ್ಶಕ.

ಅಂಗಡಿಯಲ್ಲಿ ಹತ್ತು ನಿಮಿಷ

ಸಾಧ್ಯವಾದರೆ ಅಂಗಡಿಗೇ ಹೋಗಿ, ಬಾಗಿಲ ಹೊರಗೆ ನಿಂತು ನೋಡಬೇಕು. ಒಳಗಿನ ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಮೊದಲು ಎರಡು ಕೊಳವೆಗಳನ್ನು ಮಡಿಸುತ್ತಾ ಎರಡು ವೃತ್ತಗಳು ಕೂಡಿ ಒಂದೇ ವೃತ್ತವಾಗುವಂತೆ ಹೊಂದಿಸಿ. ಆಮೇಲೆ ಬಲಗಡೆಯ ಮುಂದಿನ ಲೆನ್ಸನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡೊಂದರ ಅಕ್ಷರಗಳು ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರವನ್ನು ತಿರುಗಿಸಿ. ಈಗ ಅಂಗೈಯನ್ನು ಎಡಕ್ಕೆ ಬದಲಿಸಿ, ನಡುವಿನ ಚಕ್ರವನ್ನು ಮುಟ್ಟದೆ, ಬಲ ಐಪೀಸಿನ ಬಳಿಯಿರುವ ಡಯಾಪ್ಟರ್ ಬಳೆಯಿಂದ ಅದೇ ಅಕ್ಷರಗಳನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆ ಬಳೆ ನಿಂತ ಜಾಗವನ್ನು ನೆನಪಿಡಿ. ಅದು ನಿಮ್ಮ ಕಣ್ಣುಗಳ ಲೆಕ್ಕ, ಇನ್ನು ಮುಂದೆ ನಡುವಿನ ಚಕ್ರವೊಂದೇ ಸಾಕು. ವರ್ಷಗಟ್ಟಲೆ ದುರ್ಬೀನು ಹೊತ್ತವರಲ್ಲೂ ಈ ಬಳೆಯನ್ನು ಒಮ್ಮೆಯೂ ತಿರುಗಿಸದವರಿದ್ದಾರೆ. "ನನ್ನದ್ಯಾಕೋ ಮಂಜು" ಎಂದು ದೂರುವವರೂ ಬಹಳ ಸಲ ಅವರೇ.

ಹೊಂದಿಸಿಕೊಂಡ ಮೇಲೆ ಆಕಾಶದ ಎದುರು ಕಾಣುವ ಒಂದು ವಿದ್ಯುತ್ ತಂತಿಯನ್ನು ನೋಡಿ. ಅದು ವೃತ್ತದ ನಡುವಿನಿಂದ ಅಂಚಿನವರೆಗೆ ಎಷ್ಟು ದೂರ ಚೂಪಾಗಿರುತ್ತದೆ, ಅಂಚಿನಲ್ಲಿ ಎಷ್ಟು ಬಾಗುತ್ತದೆ ಎಂದು ಗಮನಿಸಿ. ಅನಂತರ ದುರ್ಬೀನನ್ನು ನಿಧಾನವಾಗಿ ಕಣ್ಣಿನಿಂದ ಒಂದು ಗೇಣು ಹಿಂದಕ್ಕೆ ತನ್ನಿ. ತಂತಿ ಎಡ-ಬಲ ವೃತ್ತಗಳಲ್ಲಿ ಮೇಲು-ಕೆಳಗಾಗಿ ಕಂಡರೆ ಕೊಳವೆಗಳು ಹೊಂದಿಕೆ ತಪ್ಪಿವೆ, ಅರ್ಧ ಗಂಟೆ ನೋಡಿದರೆ ತಲೆನೋವು ಖಚಿತ. ಬೆಳಕಿನ ಬಿಲ್ಲೆಯನ್ನೂ ಪರೀಕ್ಷಿಸಿ. ಅದು ದುಂಡಗಿರಬೇಕು, ನಾಲ್ಕು ಕಡೆ ಕತ್ತರಿಸಿದಂತೆ ಚೌಕವಾಗಿದ್ದರೆ ಪ್ರಿಸಮ್ ಕಡಿಮೆ ದರ್ಜೆಯದು. ಸಣ್ಣ ಸ್ಕೇಲೊಂದನ್ನು ಐಪೀಸಿನ ಮೇಲಿಟ್ಟು ಅಳೆಯಿರಿ: 8×42 ಎಂದು ಬರೆದದ್ದರಲ್ಲಿ ಬಿಲ್ಲೆ ನಾಲ್ಕು ಮಿಲಿಮೀಟರನ್ನೂ ಮುಟ್ಟದಿದ್ದರೆ ಮೇಲಿನ ಅಂಕಿ ಸುಳ್ಳು. ಕೊನೆಗೆ ಒಂದೆರಡು ಹೆಜ್ಜೆ ಆಚೆಯ ನೆಲದತ್ತ ತಿರುಗಿಸಿ ಫೋಕಸ್ ಆಗುತ್ತದೆಯೇ ನೋಡಿ. ಎರಡು-ಮೂರು ಮೀಟರಿಗೆ ಫೋಕಸ್ ಆಗುವ ದುರ್ಬೀನು ಹಕ್ಕಿ ಸಿಗದ ದಿನ ಚಿಟ್ಟೆಗಳನ್ನು ತೋರಿಸುತ್ತದೆ.

ಹಳೆಯದನ್ನು ಕೊಳ್ಳುವವರು ಒಂದು ಟಾರ್ಚನ್ನು ಒಯ್ಯಬೇಕು. ಮುಂದಿನ ಲೆನ್ಸಿನಿಂದ ಬೆಳಕು ಹಾಯಿಸಿ ಹಿಂದಿನಿಂದ ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಹಿಡಿಯುವುದು, ಇಡುವುದು

ಹಕ್ಕಿಯನ್ನು ದುರ್ಬೀನಿನಿಂದ ಹುಡುಕಬಾರದು. ಬರಿಗಣ್ಣಿನಿಂದ ಕಂಡು, ನೋಟವನ್ನು ಅಲ್ಲಿಂದ ಕದಲಿಸದೆ, ದುರ್ಬೀನನ್ನು ಕಣ್ಣಿನ ಬಳಿಗೆ ತರಬೇಕು. ಮನೆಯ ತಾರಸಿಯಲ್ಲಿ ಗೊರವಂಕಗಳ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದರೆ ಇದು ಕೈಗೆ ಕೂರುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದರೆ ಅರ್ಧ ನಡುಕ ಹೋಗುತ್ತದೆ; ಕ್ರೀಡಾಂಗಣದಲ್ಲಿ ಮೊಣಕೈಗಳನ್ನು ಮೊಣಕಾಲ ಮೇಲೆ ಊರಬಹುದು. ಗರುಡನನ್ನೋ ಎತ್ತರಕ್ಕೆ ಹೋದ ಚೆಂಡನ್ನೋ ಹಿಂಬಾಲಿಸುತ್ತಾ ದುರ್ಬೀನು ಸೂರ್ಯನತ್ತ ತಿರುಗದಂತೆ ಎಚ್ಚರ ಬೇಕು, ಒಂದು ಕ್ಷಣ ಸಾಕು ಕಣ್ಣಿಗೆ ಶಾಶ್ವತ ಹಾನಿಯಾಗಲು. ಮಕ್ಕಳ ಕೈಗೆ ಕೊಡುವ ಮೊದಲು ಈ ಮಾತನ್ನು ಹೇಳಿಯೇ ಕೊಡಿ. ಜೊತೆಗೆ ಬರುವ ತೆಳು ಪಟ್ಟಿಯ ಬದಲು ಎರಡೂ ಭುಜಕ್ಕೆ ಭಾರ ಹಂಚುವ ಹಾರ್ನೆಸ್ ಹಾಕಿಕೊಂಡರೆ ಸಂಜೆ ಕುತ್ತಿಗೆ ಹಿಡಿದುಕೊಳ್ಳುವುದಿಲ್ಲ. ಪಂದ್ಯಕ್ಕೆ ಒಯ್ಯುವವರು ಒಳಗೆ ಏನನ್ನು ಬಿಡುತ್ತಾರೆಂದು ಟಿಕೆಟ್ಟಿನ ನಿಯಮಗಳಲ್ಲಿ ಮೊದಲೇ ಓದಿಕೊಳ್ಳಲಿ.

ಗಾಜನ್ನು ಅಂಗಿಯ ತುದಿಯಿಂದಲೋ ಸೆರಗಿನಿಂದಲೋ ಒರೆಸುವುದೇ ಲೇಪ ಹಾಳಾಗಲು ಮೊದಲ ಕಾರಣ. ಗಾಳಿಯ ಬಲ್ಬಿನಿಂದ ಧೂಳು ಹಾರಿಸಿ, ಮೃದು ಬ್ರಷ್ ಆಡಿಸಿ, ಆಮೇಲಷ್ಟೇ ಲೆನ್ಸಿನ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ನಮ್ಮ ಹವೆಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ತೀರ್ಥಹಳ್ಳಿಯ ಕಡೆಯ ನೆಂಟರ ಮನೆಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿ ಮರೆತುಬಂದ ದುರ್ಬೀನು ದೀಪಾವಳಿಯ ಹೊತ್ತಿಗೆ ಒಳಗೆಲ್ಲ ಬಿಳಿ ಬೇರು ಬಿಟ್ಟುಕೊಂಡಿತ್ತು. ರಿಪೇರಿಗೆ ಕೇಳಿದ ಹಣದಲ್ಲಿ ಹೊಸದೇ ಬರುತ್ತಿತ್ತು. ಚರ್ಮ ತೇವವನ್ನು ಹಿಡಿದಿಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವವರೂ ಇದ್ದಾರೆ, ಅದರಿಂದ ಫೋಕಸ್ ಚಕ್ರದ ಸಂದಿಗೆ ಅಕ್ಕಿಯ ಹುಡಿ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಚೀಲವಿಲ್ಲದೆ ದುರ್ಬೀನನ್ನಿಟ್ಟು, ಪಕ್ಕದಲ್ಲಿ ತೆಳುಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ನೀಲಿ ಸಿಲಿಕಾ ಜೆಲ್ ಇಟ್ಟರೆ ಸಾಕು. ಜೆಲ್ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಹುರಿದು, ಆರಿದ ಮೇಲೆ ಡಬ್ಬಿಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆಯಾದರೂ ಡಬ್ಬಿ ತೆರೆದು ಬಣ್ಣ ನೋಡಬೇಕು.